ಬುದ್ಧಿ ಬಂದ ಅಡುಗೆಮನೆ

ಗೃಹಪ್ರವೇಶಕ್ಕೆ ಹೋದರೆ ಈಗ ಮನೆಯವರು ಮೊದಲು ತೋರಿಸುವುದು ಅಡುಗೆಮನೆಯನ್ನು. ಹಿಂದೆ ಹಾಗಿರಲಿಲ್ಲ. ಬಂದವರು ಪಡಸಾಲೆಯಲ್ಲಿ ಕೂರುತ್ತಿದ್ದರು, ಒಳಗಿನಿಂದ ಕಾಫಿ ಬರುತ್ತಿತ್ತು. ಅದು ಎಂಥ ಜಾಗದಲ್ಲಿ ತಯಾರಾಯಿತು ಅಂತ ಯಾರೂ ಕೇಳುತ್ತಿರಲಿಲ್ಲ. ಈಗ ಚಪ್ಪಲಿ ಬಿಟ್ಟ ತಕ್ಷಣ ನೇರ ಒಳಗೆ ಕರೆದುಕೊಂಡು ಹೋಗಿ ಒಂದು ಡ್ರಾಯರ್ ಎಳೆದು ಬಿಡುತ್ತಾರೆ. ಅದು ಸದ್ದಿಲ್ಲದೆ ತಾನೇ ಸರಿದು ಮುಚ್ಚಿಕೊಳ್ಳುತ್ತದೆ. ನಾವು "ಅಬ್ಬಾ" ಅನ್ನಬೇಕು. ಆಮೇಲೆ ಚಿಮ್ನಿಯ ಮುಂದೆ ಕೈ ಬೀಸುತ್ತಾರೆ. ಅದು ಗುಂಯ್ ಎಂದು ಶುರುವಾಗುತ್ತದೆ. ಇನ್ನೊಂದು ಸಲ ಬೀಸಿದರೆ ನಿಲ್ಲುತ್ತದೆ. ನೊಣ ಓಡಿಸಲು ಕೈ ಬೀಸಿದರೂ ಶುರುವಾಗುತ್ತದಂತೆ. ಅದನ್ನು ಮನೆಯವರು ಹೇಳುವುದಿಲ್ಲ. ಮನೆಕೆಲಸಕ್ಕೆ ಬರುವವರು ಹೇಳುತ್ತಾರೆ.

ಇಷ್ಟೆಲ್ಲ ಇದ್ದರೂ ಅವತ್ತು ಹಾಲು ಉಕ್ಕಿಸುವುದು ಮಾತ್ರ ಮೂಲೆಯಲ್ಲಿಟ್ಟ ಹಳೇ ಒಲೆಯ ಮೇಲೆ. ಹೊಸ ಇಂಡಕ್ಷನ್ ಮೇಲೇ ಉಕ್ಕಿಸೋಣ ಅಂದರೆ ಅದಕ್ಕೆ ಬುದ್ಧಿ ಸ್ವಲ್ಪ ಜಾಸ್ತಿ. ಹಾಲು ಗಾಜಿನ ಮೇಲೆ ಚೆಲ್ಲಿ ಬಟನ್ನುಗಳ ಹತ್ತಿರ ಹರಿದರೆ, ಏನೋ ಅನಾಹುತವಾಯಿತು ಅಂದುಕೊಂಡು ಕೀಂ ಕೀಂ ಎಂದು ಕೂಗಿ ಆಫ್ ಆಗುತ್ತದೆ. ಪುರೋಹಿತರು ಶುಭ ಅನ್ನುವುದನ್ನು ಅದು ದೋಷ ಅಂತ ಬರೆದುಕೊಳ್ಳುತ್ತದೆ.

ನಮ್ಮದು ರಾಜಾಜಿನಗರದ ಹಳೇ ಮನೆ. ಕಡಪಾ ಕಲ್ಲಿನ ಕಟ್ಟೆ, ಕಡಪಾ ಕಲ್ಲಿನ ಅರೆಗಳು, ಬಾಗಿಲಿಲ್ಲದ ಗೂಡುಗಳು. ಅದನ್ನು ಒಡೆಸಿ ಮಾಡ್ಯುಲರ್ ಕಿಚನ್ ಮಾಡಿಸುವ ಮಾತು ಈ ವರ್ಷ ಕೊನೆಗೂ ಒಂದು ಹಂತಕ್ಕೆ ಬಂದಿದೆ. ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿರುವವರು ನಮ್ಮ ಅತ್ತೆ. ಕುಣಿಗಲ್ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಅಲ್ಲೇ ಬಹಳ ವರ್ಷ ಸಂಸಾರ ಮಾಡಿ ಬೆಂಗಳೂರಿಗೆ ಬಂದವರು. ಹಳೇ ಅಡುಗೆಮನೆಯ ಮೇಲೆ ಅವರಿಗೆ ಚೂರೂ ಮೋಹ ಇಲ್ಲ. "ಒರಳುಕಲ್ಲಿನ ಚಟ್ನಿ ರುಚೀನೇ ಬೇರೆ" ಅಂತ ಯಾರಾದರೂ ಊಟದ ಮುಂದೆ ಕೂತು ಕಣ್ಣು ಮುಚ್ಚಿದರೆ ಅವರು ಬಿಡುವುದಿಲ್ಲ.

"ಹಂಗನ್ನೋರೆಲ್ಲ ತಿಂದೋರು ಕಣಮ್ಮ. ರುಬ್ಬಿದೋರು ಯಾರಾದ್ರೂ ಹಂಗಂದಿದ್ದು ಕೇಳಿದೀಯಾ?"

ನಾನು ಕೇಳಿಲ್ಲ.

ಅವರ ಲೆಕ್ಕದಲ್ಲಿ ಅಡುಗೆಮನೆಗೆ ಮೊದಲ ಸಲ ಬುದ್ಧಿ ಬಂದದ್ದು ಹೊಗೆ ಹೊರಗೆ ಹೋದ ದಿನ. ಅದಕ್ಕೂ ಮುಂಚೆ ಹಸಿ ಸೌದೆ, ಊದುಗೊಳವೆ, ನೀರು ಸುರಿಯುವ ಕಣ್ಣು, ಕಪ್ಪಾದ ಗೋಡೆ. ಮಳೆಗಾಲದಲ್ಲಿ ಒಲೆ ಹೊತ್ತಿಸುವುದೇ ಒಂದು ಕೆಲಸ, ಅಡುಗೆ ಆಮೇಲಿನ ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಅನ್ನುವ ಘಟಕ ಶುರುವಾಯಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರದೊಂದು ಕೇಂದ್ರವೂ ಇತ್ತು. ಅವರು ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲಿ ಕರ್ನಾಟಕದ ಎಷ್ಟೋ ಹಳ್ಳಿಗಳಿಗೆ ಹೋಯಿತು. ಮೂರು ಪಾತ್ರೆ ಕೂರುವ ಒಲೆ ಅದು. ಸೌದೆ ಉರಿಯುವ ಜಾಗದ ಕೆಳಗೆ ಜಾಲರಿ, ಅದರ ಮೂಲಕ ಗಾಳಿ. ಉರಿಯ ಬಿಸಿ ಮೊದಲ ಪಾತ್ರೆ ಕಾಯಿಸಿ, ಉಳಿದದ್ದರಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಮುಟ್ಟಿ, ಕೊನೆಗೆ ಹೊಗೆಯ ಜೊತೆ ಕೊಳವೆ ಹತ್ತಿ ಚಾವಣಿಯಿಂದಾಚೆ ಹೋಗುತ್ತದೆ. ಸೌದೆ ಉಳಿಯಿತು, ಕಣ್ಣೂ ಉಳಿಯಿತು.

ಅತ್ತೆಗೆ ಆ ಒಲೆಯ ಮೇಲೂ ಒಂದು ದೂರು ಇತ್ತು. ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂತರೆ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು. ನೆಂಟರು ಬಂದ ದಿನ ದೊಡ್ಡ ಪಾತ್ರೆ ಇಡಬೇಕು, ಆಗ ಬಾಯಿ ಸಾಲದು. "ಓದಿದೋರಿಗೆ ಲೆಕ್ಕ ಗೊತ್ತು, ನೆಂಟರು ಗೊತ್ತಿಲ್ಲ" ಅಂತ ಈಗಲೂ ಹೇಳುತ್ತಾರೆ. ಆದರೂ ಆ ಒಲೆ ಕಟ್ಟಿಕೊಟ್ಟವರ ಬಗ್ಗೆ ಅವರಿಗೆ ಇರುವಷ್ಟು ಗೌರವ ನಮ್ಮ ಮನೆಯ ಯಾವ ಇಂಜಿನಿಯರ್ ಬಗ್ಗೆಯೂ ಇಲ್ಲ. ನಮ್ಮ ಮನೆಯಲ್ಲಿ ಮೂವರಿದ್ದಾರೆ.

ಹೊಸ ಅಡುಗೆಮನೆಯ ಡಿಸೈನರ್ ಚಿಕ್ಕ ಹುಡುಗ. ಲ್ಯಾಪ್‌ಟಾಪ್ ತೆರೆದು ಚಿತ್ರ ತೋರಿಸಿದ. ಬೂದು ಬಣ್ಣದ ಬಾಗಿಲುಗಳು, ಬಿಳಿ ಕ್ವಾರ್ಟ್ಜ್ ಕಟ್ಟೆ, ನಡುವೆ ಐಲ್ಯಾಂಡ್ ಅನ್ನುವ ಬಿಡಿ ಕಟ್ಟೆ, ಅದರ ಮೇಲೆ ಮೂರು ತೂಗುದೀಪ, ಒಂದು ಗಾಜಿನ ಬಟ್ಟಲಲ್ಲಿ ಹಸಿರು ಸೇಬು. ಫೋಟೋಗೆ ಕೂತ ಮದುಮಗಳ ಹಾಗಿತ್ತು, ಒಂದು ಎಳೆಯೂ ಆಚೀಚೆ ಇಲ್ಲ. ಅತ್ತೆ ಕನ್ನಡಕ ಸರಿ ಮಾಡಿಕೊಂಡು ತುಂಬ ಹೊತ್ತು ನೋಡಿದರು.

"ಚೆನ್ನಾಗಿದೆ ಕಣಪ್ಪ. ಮಿಕ್ಸಿ ಎಲ್ಲಿ?"

ಚಿತ್ರದಲ್ಲಿ ಮಿಕ್ಸಿ ಇರಲಿಲ್ಲ. ಗ್ರೈಂಡರ್, ಕುಕ್ಕರ್, ಎಣ್ಣೆ ಬಾಟಲಿ, ನೀರಿನ ಫಿಲ್ಟರ್ ಯಾವುದೂ ಇರಲಿಲ್ಲ. ಅವನ್ನೆಲ್ಲ ಮುಚ್ಚಿಡಲು ಷಟರ್ ಇರುವ ಒಂದು ಗೂಡು ಬರುತ್ತದೆ, ಅದರ ಹೆಸರು ಅಪ್ಲಯನ್ಸ್ ಗ್ಯಾರೇಜ್ ಅಂತ ಅವನು ವಿವರಿಸಿದ. ಬೆಳಿಗ್ಗೆ ಚಟ್ನಿಗೆ ಷಟರ್ ಎತ್ತಬೇಕು, ಮಧ್ಯಾಹ್ನ ಸಾರಿನ ಮಸಾಲೆಗೆ ಎತ್ತಬೇಕು. ನಮ್ಮ ಬೀದಿಯ ದಿನಸಿ ಅಂಗಡಿಯವರೂ ದಿನಕ್ಕೆ ಅಷ್ಟು ಸಲ ಷಟರ್ ಎತ್ತುವುದಿಲ್ಲ.

ಆಮೇಲೆ ತ್ರಿಕೋನದ ವಿಷಯ ಬಂತು. ಒಲೆ, ಸಿಂಕು, ಫ್ರಿಜ್ಜು ಮೂರೂ ಒಂದು ತ್ರಿಕೋನದಲ್ಲಿ ಇರಬೇಕು, ಮೂರು ಬದಿ ಸೇರಿ 26 ಅಡಿ ದಾಟಬಾರದು ಅನ್ನುವುದು ಅಡುಗೆಮನೆ ಮಾಡುವವರ ಹಳೇ ಸೂತ್ರ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1940ರ ದಶಕದಲ್ಲಿ ಲೆಕ್ಕ ಹಾಕಿ ರೂಪಿಸಿದ್ದು. ಒಳ್ಳೆಯ ಸೂತ್ರವೇ. ಆದರೆ ನಮ್ಮಲ್ಲಿ ಒಲೆ ಆಗ್ನೇಯಕ್ಕೆ ಬರಬೇಕು, ಅಡುಗೆ ಮಾಡುವವರ ಮುಖ ಪೂರ್ವಕ್ಕಿರಬೇಕು, ನೀರು ಈಶಾನ್ಯಕ್ಕೆ. ಇದಿಷ್ಟು ಆದಮೇಲೆ ಉಳಿದ ಜಾಗದಲ್ಲಿ ಎಂಥ ತ್ರಿಕೋನ ಬರುತ್ತದೋ ಅದೇ ನಮ್ಮ ತ್ರಿಕೋನ. ಇಲಿನಾಯ್‌ನವರು ಫ್ರಿಜ್ಜಿನ ದಿಕ್ಕು ಹೇಳಿಲ್ಲ. ನಮ್ಮ ಶಾಸ್ತ್ರದವರು ಈಗ ಅದನ್ನೂ ಹೇಳುತ್ತಾರೆ, ಕೇಳಿದರೆ ವೈಫೈ ರೂಟರಿನದ್ದನ್ನೂ ಹೇಳಿಯಾರು.

ಈ ಮಾಡ್ಯುಲರ್ ಅನ್ನುವುದು ಹೊಸದು ಅಂತ ನಾನೂ ಅಂದುಕೊಂಡಿದ್ದೆ. ಸುಮಾರು ನೂರು ವರ್ಷ ಆಗಿದೆ. ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಅಂತ ವಿಯೆನ್ನಾದ ಒಬ್ಬ ವಾಸ್ತುಶಿಲ್ಪಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಹೊಸ ಬಡಾವಣೆಗಳಿಗೆ ಒಂದು ಅಡುಗೆಮನೆ ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ರೈಲಿನ ಊಟದ ಬೋಗಿಯಲ್ಲಿ ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಜನಕ್ಕೆ ಅಡುಗೆ ಮಾಡುತ್ತಾರಲ್ಲ, ಅದನ್ನು ನೋಡಿ ಹೊಳೆದ ಉಪಾಯ. ಹೆಜ್ಜೆ ಉಳಿಸುವುದು ಗುರಿ. ಸುಮಾರು 10 ಸಾವಿರ ಮನೆಗಳಿಗೆ ಅದೇ ನಮೂನೆ ಹಾಕಿದರು. ಸಕ್ಕರೆಗೊಂದು, ಅಕ್ಕಿಗೊಂದು ಅಂತ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳನ್ನು ಗೋಡೆಯಲ್ಲೇ ಸಾಲಾಗಿ ಕೂರಿಸಿದ್ದರು. ಹಿಟ್ಟಿನ ಡಬ್ಬ ಮಾತ್ರ ಓಕ್ ಮರದ್ದು, ಹುಳ ಬರಬಾರದು ಅಂತ. ಇವತ್ತು ನಮ್ಮ ಹುಡುಗ ಲ್ಯಾಪ್‌ಟಾಪಿನಲ್ಲಿ ತೋರಿಸುವ ಪ್ರತಿಯೊಂದರ ಅಜ್ಜಿ ಅದು.

ಆಕೆ ಸಾಮಾನ್ಯ ಹೆಂಗಸಲ್ಲ. ನಾಜಿಗಳ ವಿರುದ್ಧ ಕೆಲಸ ಮಾಡಿ ಜೈಲಿನಲ್ಲಿದ್ದವರು. 103 ತುಂಬಲು ಕೆಲವೇ ದಿನ ಇದ್ದಾಗ, 2000ನೇ ಇಸವಿಯ ಜನವರಿಯಲ್ಲಿ ತೀರಿಕೊಂಡರು. ಜಗತ್ತಿಗೇ ಅಡುಗೆಮನೆ ಕಲಿಸಿದ ಈ ಹೆಂಗಸು ಕೊನೆಗಾಲದಲ್ಲಿ ಒಂದು ವಿಷಯ ಹೇಳಿಕೊಂಡರು. ಅದನ್ನು ರೂಪಿಸುವ ಹೊತ್ತಿಗೆ ತಾನು ಸಂಸಾರ ನಡೆಸಿದವಳೂ ಅಲ್ಲ, ಅಡುಗೆ ಮಾಡಿದವಳೂ ಅಲ್ಲ ಅಂತ. ನಾನು ಇದನ್ನು ಅತ್ತೆಗೆ ಓದಿ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಅದಕ್ಕೇ ಒಬ್ಬರು ಮಾತ್ರ ನಿಂತ್ಕೊಳ್ಳೋಷ್ಟು ಜಾಗ" ಅಂದರು. ನಿಜವೇ. ಆ ಅಡುಗೆಮನೆಯ ಬಗ್ಗೆ ಆಮೇಲೆ ಬಂದ ಟೀಕೆಯೂ ಅದೇ, ಹೆಂಗಸನ್ನು ಒಂಟಿಯಾಗಿ ಒಳಗೆ ನಿಲ್ಲಿಸಿಬಿಟ್ಟಿತು ಅಂತ. ಅಕ್ಕತಂಗಿಯರು, ಓರಗಿತ್ತಿಯರು ಕೂತು ಅವರೆಕಾಳು ಸುಲಿಯುತ್ತಾ ಊರ ಸುದ್ದಿ ಮುಗಿಸುವ ಜಾಗ ಅಲ್ಲಿಲ್ಲ.

ಅಡುಗೆ ಮಾಡದವರು ಅಡುಗೆಮನೆಗೆ ಬುದ್ಧಿ ತುಂಬಲು ಹೊರಟರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ 1969ರದು. ಅಮೆರಿಕದ ಹನಿವೆಲ್ ಕಂಪನಿಯ ಕಿಚನ್ ಕಂಪ್ಯೂಟರ್. ನೀಮನ್ ಮಾರ್ಕಸ್ ಅನ್ನುವ ದುಬಾರಿ ಅಂಗಡಿಯ ಕ್ಯಾಟಲಾಗಿನಲ್ಲಿ ಬಂತು. ಬೆಲೆ 10 ಸಾವಿರ ಡಾಲರಿಗೂ ಮೇಲೆ. ಆಗಿನ ಕಾಲಕ್ಕೆ ಅದು ಭಾರೀ ದುಡ್ಡು. ಅದರ ಕೆಲಸ ಅಡುಗೆಯ ವಿಧಾನಗಳನ್ನು ನೆನಪಿಟ್ಟುಕೊಳ್ಳುವುದು. ತರಕಾರಿ ಹೆಚ್ಚಲು ಒಂದು ಹಲಗೆಯನ್ನೂ ಮುಂದೆ ಅಂಟಿಸಿದ್ದರು, ಅದೊಂದೇ ಅದರಲ್ಲಿ ಕೆಲಸಕ್ಕೆ ಬರುವಂಥದ್ದು. ಯಾಕೆಂದರೆ ಅದಕ್ಕೆ ಪರದೆ ಇಲ್ಲ, ಕೀಲಿಮಣೆ ಇಲ್ಲ. ಸಾಲಾಗಿ ಸ್ವಿಚ್ಚುಗಳು, ಮೇಲೆ ಮಿಣುಕುವ ದೀಪಗಳು. ಯಾವ ದೀಪ ಹತ್ತಿತು, ಯಾವುದು ಆರಿತು ಅಂತ ನೋಡಿ ಗೃಹಿಣಿ ಅರ್ಥ ಮಾಡಿಕೊಳ್ಳಬೇಕು. ಅದನ್ನು ಕಲಿಸಲು ಎರಡು ವಾರದ ತರಬೇತಿ ಬೇರೆ. ಒಬ್ಬರಾದರೂ ಕೊಂಡುಕೊಂಡರು ಅನ್ನುವ ದಾಖಲೆ ಇಲ್ಲ. ಸಾರಿಗೆ ಎಷ್ಟು ಬೇಳೆ ಅಂತ ತಿಳಿಯಲು ಹದಿನಾಲ್ಕು ದಿನ ಕ್ಲಾಸಿಗೆ ಹೋಗುವ ಸೊಸೆ ಅಮೆರಿಕದಲ್ಲೂ ಸಿಗಲಿಲ್ಲ ಅಂತಾಯಿತು.

1990ರಲ್ಲಿ ಜಾನ್ ರಾಮ್‌ಕಿ ಅನ್ನುವವರು ಒಂದು ಸಮ್ಮೇಳನದಲ್ಲಿ ಬ್ರೆಡ್ ಟೋಸ್ಟರನ್ನು ಇಂಟರ್‌ನೆಟ್ಟಿಗೆ ಜೋಡಿಸಿ ತೋರಿಸಿದರು. ದೂರದಿಂದಲೇ ಹಚ್ಚಬಹುದು, ಆರಿಸಬಹುದು. ಬ್ರೆಡ್ ಮಾತ್ರ ಒಬ್ಬರು ಕೈಯಾರೆ ಇಡಬೇಕಿತ್ತು. ಮರುವರ್ಷ ಬ್ರೆಡ್ ಎತ್ತಿಡುವುದಕ್ಕೂ ಒಂದು ಪುಟ್ಟ ಕ್ರೇನ್ ಬಂತು. ಅವರದು ತಮಾಷೆಯ ಪ್ರಯೋಗ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಈಗ ಅಂಗಡಿಯಲ್ಲಿ ವೈಫೈ ಇರುವ ಏರ್ ಫ್ರೈಯರ್ ತೋರಿಸುತ್ತಾರೆ. ಆಫೀಸಿನಿಂದಲೇ ಫೋನಿನಲ್ಲಿ ಆನ್ ಮಾಡಬಹುದು ಮೇಡಂ ಅನ್ನುತ್ತಾರೆ. ಒಳಗೆ ಆಲೂಗಡ್ಡೆ ಹೆಚ್ಚಿಟ್ಟವರು ಯಾರು? ಬೆಳಿಗ್ಗೆ ಎಂಟಕ್ಕೆ ಹೆಚ್ಚಿಟ್ಟ ಆಲೂಗಡ್ಡೆ ಸಂಜೆ ಆರರವರೆಗೆ ಹೇಗಿರುತ್ತದೆ? ಕ್ರೇನಿನ ಮಾತು ಅಲ್ಲಿ ಯಾರೂ ಎತ್ತುವುದಿಲ್ಲ.

ಸ್ಮಾರ್ಟ್ ಫ್ರಿಜ್ಜಿನದು ಇನ್ನೊಂದು ಕತೆ. ಒಳಗೆ ಕ್ಯಾಮೆರಾ ಇರುತ್ತದೆ. ಅಂಗಡಿಯಲ್ಲಿ ನಿಂತು ಫೋನಿನಲ್ಲಿ ನೋಡಿದರೆ ಮನೆಯ ಫ್ರಿಜ್ಜಿನಲ್ಲಿ ಏನಿದೆ ಅಂತ ಕಾಣುತ್ತದೆ. ಡೆಮೋ ಫ್ರಿಜ್ಜಿನಲ್ಲಿ ನಿಂಬೆಹಣ್ಣು, ಮೊಟ್ಟೆ, ಕೆಂಪು ದೊಣ್ಣೆಮೆಣಸಿನಕಾಯಿ ಎಲ್ಲ ಬಿಡಿಬಿಡಿಯಾಗಿ ಹೊಳೆಯುತ್ತಿರುತ್ತವೆ. ನಮ್ಮ ಫ್ರಿಜ್ಜಿನಲ್ಲಿ ಅದು ನೋಡುವುದು ಬರೀ ಸ್ಟೀಲ್ ಮುಚ್ಚಳಗಳನ್ನು. ಒಂದರಲ್ಲಿ ದೋಸೆ ಹಿಟ್ಟು, ಒಂದರಲ್ಲಿ ನಿನ್ನೆಯ ಸಾರು, ಒಂದರಲ್ಲಿ ಕೆನೆ. ಐಸ್‌ಕ್ರೀಂ ಡಬ್ಬಿಯಲ್ಲಿ ಐಸ್‌ಕ್ರೀಂ ಇದೆ ಅಂತ ಅದು ನಂಬಬಹುದು. ಅದರಲ್ಲಿರುವುದು ತೆಂಗಿನಕಾಯಿ ತುರಿ ಅಂತ ನಮ್ಮ ಮನೆಗೆ ಬಂದ ಚಿಕ್ಕ ಮಕ್ಕಳಿಗೂ ಗೊತ್ತು.

ಹೊಸ ಯಂತ್ರ ಅಂದರೆ ಅತ್ತೆ ಮೂಗು ಮುರಿಯುವವರಲ್ಲ. ಮಿಕ್ಸಿಯನ್ನು ಅವರು ಆಯುಧಪೂಜೆಯಲ್ಲಿ ಕಾರಿಗಿಂತ ಮುಂದಿಡುತ್ತಾರೆ. ಅದರ ಹಿಂದೆಯೂ ಒಂದು ಕತೆ ಇದೆ. 1960ರ ದಶಕ. ಮುಂಬೈಯ ಇಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಹೆಂಡತಿ ಮಾಧುರಿ ಅವರ ಬಳಿ ಜರ್ಮನಿಯ ಮಿಕ್ಸರ್ ಇತ್ತು. ಹಣ್ಣಿನ ರಸಕ್ಕೆ ಅಂತ ಮಾಡಿದ್ದು. ನಮ್ಮ ಒಣ ಮಸಾಲೆ, ನೆನೆಸಿದ ಬೇಳೆ ಹಾಕಿ ತಿರುಗಿಸಿದರೆ ಅದರ ಮೋಟಾರು ಎಷ್ಟು ಹೊತ್ತು ತಾಳೀತು? ಸುಟ್ಟುಹೋಯಿತು. ಅದನ್ನು ನೋಡಿ ಗಂಡ ಗಟ್ಟಿ ಮೋಟಾರಿನ ಒಂದು ಮಿಕ್ಸಿ ಮಾಡಿದರು. ಅದೇ ಸುಮೀತ್. ಮಸಾಲೆ ಅರೆದು ಯಂತ್ರ ಸುಟ್ಟ ಹೆಂಗಸು ಒಬ್ಬರು ಇಲ್ಲದಿದ್ದರೆ ನಾವು ಇನ್ನೂ ಎಷ್ಟು ವರ್ಷ ಗುಂಡುಕಲ್ಲು ತಿರುಗಿಸಬೇಕಿತ್ತೋ. ಅದಕ್ಕೂ ಮೊದಲು, 1950ರ ದಶಕದಲ್ಲೇ, ಕೊಯಮತ್ತೂರಿನವರು ಒರಳಿಗೆ ಮೋಟಾರು ಹಾಕಿ ವೆಟ್ ಗ್ರೈಂಡರ್ ಮಾಡಿದ್ದರು. ಕಲ್ಲು ಅದೇ ಇರಲಿ, ತಿರುಗಿಸುವ ಕೈ ಮಾತ್ರ ಬೇರೆಯಾಗಲಿ ಅನ್ನುವುದು ಅವರ ಯೋಚನೆ. ಕೊಯಮತ್ತೂರು ವೆಟ್ ಗ್ರೈಂಡರಿಗೆ ಈಗ ಮೈಸೂರು ರೇಷ್ಮೆಯಂತೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಜಪಾನಿನಲ್ಲೂ ಹಾಗೇ ಆಯಿತು. ತೋಷಿಬಾ ಕಂಪನಿ 1955ರ ಡಿಸೆಂಬರಿನಲ್ಲಿ ವಿದ್ಯುತ್ ರೈಸ್ ಕುಕ್ಕರ್ ಮಾರಾಟಕ್ಕೆ ತಂತು. ಅದನ್ನು ಮಾಡಿಕೊಟ್ಟವರು ಯೋಶಿತಾದಾ ಮಿನಾಮಿ ಅನ್ನುವ ಸಣ್ಣ ಕಾರ್ಖಾನೆಯ ಮಾಲೀಕರು. ಆದರೆ ದಿನವೂ ಅನ್ನ ಬೇಯಿಸಿ ಬೇಯಿಸಿ ಯಾವಾಗ ಹದ ಬಂತು, ಯಾವಾಗ ತಳ ಹಿಡಿಯಿತು ಅಂತ ಬರೆದಿಟ್ಟವರು ಅವರ ಹೆಂಡತಿ ಫುಮಿಕೊ. ಒಳಪಾತ್ರೆಯಲ್ಲಿ ಅಕ್ಕಿ, ಹೊರಪಾತ್ರೆಯಲ್ಲಿ ನೀರು. ನೀರು ಇರುವವರೆಗೆ ಬಿಸಿ 100 ಡಿಗ್ರಿ ದಾಟುವುದಿಲ್ಲ. ನೀರು ಆರಿದ ಕೂಡಲೇ ಬಿಸಿ ಏರುತ್ತದೆ. ಎರಡು ಲೋಹ ಅಂಟಿಸಿದ ಒಂದು ಪಟ್ಟಿ ಆ ಬಿಸಿಗೆ ಬಾಗಿ ಸ್ವಿಚ್ಚನ್ನು ಟಕ್ ಎಂದು ಆರಿಸುತ್ತದೆ. ಇಷ್ಟೇ. ಅದಕ್ಕೆ ಫೋನ್ ಬೇಡ, ಪಾಸ್‌ವರ್ಡ್ ಬೇಡ. ನನ್ನನ್ನು ಕೇಳಿದರೆ ಅಡುಗೆಮನೆಯಲ್ಲಿ ಇವತ್ತಿನವರೆಗೆ ಬಂದ ಅತಿ ಬುದ್ಧಿವಂತ ವಸ್ತು ಆ ಬಾಗುವ ಪಟ್ಟಿ.

ನನ್ನ ನಾದಿನಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದಾಳೆ. ಅಲ್ಲಿಯ ಕನ್ನಡದ ಮನೆಗಳಲ್ಲಿ ಈಗ ಇನ್‌ಸ್ಟಂಟ್ ಪಾಟ್ ಅನ್ನುವ ಕರೆಂಟಿನ ಪ್ರೆಶರ್ ಕುಕ್ಕರ್ ಇಲ್ಲದ ಮನೆ ಹುಡುಕಬೇಕು. ಕೆನಡಾದ ರಾಬರ್ಟ್ ವಾಂಗ್ ಮತ್ತು ಅವರ ಗೆಳೆಯರು 2010ರಲ್ಲಿ ಮಾರುಕಟ್ಟೆಗೆ ತಂದದ್ದು. ಬಿಸಿಬೇಳೆಬಾತು, ಮೊಸರು, ಇಡ್ಲಿ ಎಲ್ಲ ಅದರಲ್ಲೇ. ಒಂದೇ ಕಷ್ಟ, ಅದು ಕೂಗುವುದಿಲ್ಲ. ನಮ್ಮ ಅಡುಗೆಯ ಗಡಿಯಾರವೇ ಕುಕ್ಕರಿನ ಕೂಗು. ಬೇಳೆಗೆ ಮೂರು ಕೂಗು, ಹುರುಳಿಕಾಳಿಗೆ ಆರು, ಬೀಟ್‌ರೂಟಿಗೆ ಎರಡು. ಅವಳು ವಿಡಿಯೋ ಕಾಲಿನಲ್ಲಿ "ಅಮ್ಮ, ಮೂರು ಕೂಗು ಅಂದ್ರೆ ಎಷ್ಟು ನಿಮಿಷ?" ಅಂತ ಕೇಳುತ್ತಾಳೆ. ಅತ್ತೆ ಯೋಚನೆ ಮಾಡುತ್ತಾರೆ. "ಕೂಗೋ ಅಷ್ಟು ಹೊತ್ತು" ಅನ್ನುತ್ತಾರೆ. ಅದಕ್ಕಿಂತ ಸರಿಯಾದ ಉತ್ತರ ಇಲ್ಲ. ಸಿಲಿಂಡರ್ ಮುಗಿಯುತ್ತಾ ಬಂದಾಗ ಮೂರು ಕೂಗಿಗೆ ಹಿಡಿಯುವ ಹೊತ್ತೇ ಬೇರೆ, ಹೊಸ ಸಿಲಿಂಡರಿನದೇ ಬೇರೆ. ಕೂಗು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕೂಗುತ್ತದೆ.

ಅವಳ ಮನೆಯದು ಓಪನ್ ಕಿಚನ್. ಈಗ ಇಲ್ಲಿಯ ಅಪಾರ್ಟ್‌ಮೆಂಟುಗಳಲ್ಲೂ ಅದೇ ರೂಢಿ, ಗೋಡೆ ಅಂದರೆ ಯಾರಿಗೂ ಆಗುವುದಿಲ್ಲ. ಅಡುಗೆ ಮಾಡುವವರೂ ಮಾತಿನಲ್ಲಿ ಸೇರಿಕೊಳ್ಳಬಹುದು ಅನ್ನುತ್ತಾರೆ, ಅದು ನಿಜ. ಆದರೆ ಬ್ಯಾಡಗಿ ಮೆಣಸಿನಕಾಯಿ, ಇಂಗು, ಸಾಸಿವೆ ಎಣ್ಣೆಗೆ ಬಿದ್ದಾಗ ಅವೂ ಮಾತಿನಲ್ಲಿ ಸೇರಿಕೊಳ್ಳುತ್ತವೆ. ಸೋಫಾದ ಬಟ್ಟೆ, ಪರದೆ, ಆಫೀಸಿನ ಕೋಟು ಎಲ್ಲಕ್ಕೂ ಒಗ್ಗರಣೆ. ಅಲ್ಲಿಯ ಒಲೆಯ ಮೇಲಿನ ಹುಡ್ ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಸೋಸಿ ಮತ್ತೆ ಮನೆಯೊಳಕ್ಕೇ ಬಿಡುತ್ತದೆ. ಮೆಣಸಿನಕಾಯಿ ಸ್ವಲ್ಪ ಕರಿದರೆ ಸ್ಮೋಕ್ ಅಲಾರ್ಮ್ ಇಡೀ ಮನೆಯನ್ನು ಎಬ್ಬಿಸುತ್ತದೆ. ಹಾಗಾಗಿ ಅವಳು ಹಿತ್ತಲಿನಲ್ಲಿ ಒಂದು ಚಿಕ್ಕ ಒಲೆ ಇಟ್ಟುಕೊಂಡಿದ್ದಾಳೆ. ಒಳಗೆ ಸಾವಿರಾರು ಡಾಲರಿನ ಅಡುಗೆಮನೆ, ಒಗ್ಗರಣೆ ಮಾತ್ರ ಹಿತ್ತಲಲ್ಲಿ. ನಮ್ಮಲ್ಲೂ ಈಗ ಡಿಸೈನರುಗಳು ಡ್ರೈ ಕಿಚನ್, ವೆಟ್ ಕಿಚನ್ ಅಂತ ಎರಡು ಹೇಳುತ್ತಾರೆ. ಮುಂದಿನದು ನೋಡುವುದಕ್ಕೆ, ಹಿಂದಿನದು ಮಾಡುವುದಕ್ಕೆ. ಬೆಂಗಳೂರಿನವರು ಹಿಂದಿನದನ್ನು ಯುಟಿಲಿಟಿ ಅನ್ನುತ್ತಾರೆ. ಮೀನು ತೊಳೆಯುವುದು, ಹಲಸಿನಹಣ್ಣು ಬಿಡಿಸುವುದು, ಪಾತ್ರೆ ಉಜ್ಜುವುದು ಎಲ್ಲ ಅಲ್ಲೇ. ಫೋಟೋ ಮಾತ್ರ ಅಲ್ಲಿ ಯಾರೂ ತೆಗೆಯುವುದಿಲ್ಲ.

ಇಂಡಕ್ಷನ್ ಬಗ್ಗೆ ಅತ್ತೆಗೆ ಒಲವು ಇದೆ. ಹೊಗೆ ಇಲ್ಲ, ಉರಿ ಇಲ್ಲ, ಒರೆಸಿದರೆ ಮುಗಿಯಿತು. ಗಾಜಿನ ಕೆಳಗೆ ತಾಮ್ರದ ಸುರುಳಿ. ಅದರಲ್ಲಿ ಹರಿಯುವ ಕರೆಂಟು ಪಾತ್ರೆಯ ತಳವನ್ನೇ ಬಿಸಿ ಮಾಡುತ್ತದೆ, ನಡುವಿನ ಗಾಜು ಪಾತ್ರೆ ತಾಗಿದಷ್ಟೇ ಬೆಚ್ಚಗಾಗುತ್ತದೆ. ಆದರೆ ಆ ತಳ ಅಯಸ್ಕಾಂತಕ್ಕೆ ಅಂಟುವಂಥದ್ದಾಗಿರಬೇಕು. ಇದು ಗೊತ್ತಾದ ದಿನ ಅವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ತಿರುಪತಿಯ ಮ್ಯಾಗ್ನೆಟ್ ಕಿತ್ತುಕೊಂಡು ಪಾತ್ರೆಗಳ ಪರೀಕ್ಷೆಗೆ ಕೂತರು. ಹಿತ್ತಾಳೆ ಫೇಲು. ಅಲ್ಯೂಮಿನಿಯಂ ಫೇಲು. ಮದುವೆಗೆ ಕೊಟ್ಟ ದುಬಾರಿ ಸ್ಟೀಲ್ ಪಾತ್ರೆಗಳಲ್ಲಿ ಮುಕ್ಕಾಲು ಪಾಲು ಫೇಲು. ಬಳಪದ ಕಲ್ಲಿನ ಪಾತ್ರೆಯ ಹತ್ತಿರ ಮ್ಯಾಗ್ನೆಟ್ ತೆಗೆದುಕೊಂಡೇ ಹೋಗಲಿಲ್ಲ. ಫಸ್ಟ್ ಕ್ಲಾಸಿನಲ್ಲಿ ಪಾಸಾದದ್ದು ಅಟ್ಟದಲ್ಲಿದ್ದ ಅವರ ತಾಯಿಯ ಕಾಲದ ಕಬ್ಬಿಣದ ಹೆಂಚು. ವೆಂಕಟರಮಣ ಅದಕ್ಕೆ ಹೋಗಿ ಟಪ್ಪೆಂದು ಅಂಟಿಕೊಂಡ.

"ಸರಿ, ಬದನೆಕಾಯಿ ಎಲ್ಲಿ ಸುಡೋದು?" ಅಂತ ಕೊನೆಗೆ ಕೇಳಿದರು. ಸುಟ್ಟ ಬದನೆಕಾಯಿ ಗೊಜ್ಜು ಇಲ್ಲದೆ ಅವರಿಗೆ ಚಳಿಗಾಲ ಬಂದಂತೆ ಆಗುವುದಿಲ್ಲ. ಹಪ್ಪಳ ಸುಡಬೇಕು, ಚಪಾತಿ ಉಬ್ಬಬೇಕು. ಒಂದು ಗ್ಯಾಸ್ ಬರ್ನರ್ ಇರಲೇಬೇಕು ಅಂತ ತೀರ್ಮಾನವಾಯಿತು.

ಪಾತ್ರೆ ತೊಳೆಯುವ ಯಂತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2020ರ ಲಾಕ್‌ಡೌನಿನಲ್ಲಿ ಮನೆಕೆಲಸದವರು ಬರದಿದ್ದಾಗ ಊರೆಲ್ಲ ಅದನ್ನು ಹುಡುಕಿತು. ಒಳ್ಳೆಯ ಯಂತ್ರ. ಆದರೆ ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ಅದಕ್ಕೆ ಬೇರೆ ಉಪ್ಪು ಹಾಕಬೇಕು. ಅನ್ನ ಮಾಡಲು ಒಂದು ಉಪ್ಪು, ತಟ್ಟೆ ತೊಳೆಯಲು ಇನ್ನೊಂದು. ಅದರ ಜಾಲರಿಯಲ್ಲಿ ದಿನವೂ ಸಿಗುವುದು ಕರಿಬೇವಿನ ಎಲೆ.

ನಿಜವಾದ ಜಗಳ ಆದದ್ದು ಕಟ್ಟೆಯ ಎತ್ತರದ ಮೇಲೆ. ಡಿಸೈನರ್ 34 ಇಂಚು ಬರೆದಿದ್ದ. ಒಲೆಯ ಜಾಗದಲ್ಲಿ ಗಾಜಿನ ಹಾಬ್, ಕಟ್ಟೆಯೊಳಗೇ ಕೂರುವಂಥದ್ದು. ಅತ್ತೆ ಎದ್ದು ನಿಂತು ಗಾಳಿಯಲ್ಲಿ ಕೋಲು ಹಿಡಿದ ಹಾಗೆ ಕೈ ಮಾಡಿ ತಿರುವಿ ತೋರಿಸಿದರು.

"ಮುದ್ದೆ ಹೆಂಗಪ್ಪ ತೊಳಸೋದು?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ರಾಗಿ ಹಿಟ್ಟು ಬೆಂದಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ಮುದ್ದೆ ಕೋಲಿನಿಂದ ಗಂಟಿಲ್ಲದಂತೆ ತೊಳಸಬೇಕು. ಅದಕ್ಕೆ ಮೈಯ ಭಾರ ಬೇಕು. ಭಾರ ಬೀಳಬೇಕಾದರೆ ಪಾತ್ರೆ ಸೊಂಟಕ್ಕಿಂತ ಕೆಳಗಿರಬೇಕು. 34 ಇಂಚಿನ ಕಟ್ಟೆ, ಅದರ ಮೇಲೆ ಹಾಬ್, ಅದರ ಮೇಲೆ ಪಾತ್ರೆ. ಐದಡಿ ಅತ್ತೆಗೆ ಪಾತ್ರೆಯ ಬಾಯಿ ಎದೆಯ ಹತ್ತಿರ ಬರುತ್ತದೆ. ಅಷ್ಟು ಎತ್ತರದಲ್ಲಿ ಕೋಲು ಹಿಡಿದು ಒತ್ತಿದರೆ ತೋಳು ಸೋಲುತ್ತದೆ, ಕೆಳಗೆ ಗಾಜು ಬೇರೆ.

"ನೀನು ಮುದ್ದೆ ತಿಂದಿಲ್ವಾ?" ಅಂತ ಅತ್ತೆ ಕೇಳಿದರು.

"ಅಯ್ಯೋ, ತಿಂದಿದ್ದೀನಿ ಅಜ್ಜಿ. ವಾರಕ್ಕೆರಡು ಸಲ ಮಿಲಿಟರಿ ಹೋಟ್ಲಲ್ಲಿ."

ಅತ್ತೆ ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪ್ ಕಡೆ ನೋಡಿದೆ. ಮೂಲೆಯಲ್ಲಿ ಎರಡು ಅಡಿ ಅಗಲದ ಒಂದು ತಗ್ಗು ಕಟ್ಟೆ ಬರಬೇಕು, ಗ್ರಾನೈಟಿನದು, ಕನಕಪುರದ ಕಲ್ಲಾದರೂ ಸರಿ, ಇಳಕಲ್ಲಿನದಾದರೂ ಸರಿ ಅಂತ ಬರೆಸಿದ್ದಾಯಿತು. ಬಿಳಿ ಕ್ವಾರ್ಟ್ಜನ್ನು ಅತ್ತೆ ಒಂದು ಚಿಟಿಕೆ ಅರಿಶಿನದಿಂದ ಹೊಡೆದುಹಾಕಿದರು. ಸ್ಯಾಂಪಲ್ ತುಂಡಿನ ಮೇಲೆ ಒದ್ದೆ ಅರಿಶಿನ ಹಚ್ಚಿ ಒಂದು ರಾತ್ರಿ ಬಿಟ್ಟರು. ಬೆಳಿಗ್ಗೆ ಅವನಿಗೆ ಫೋಟೋ ಕಳಿಸು ಅಂದರು. ಕಳಿಸಿದೆ.

ಮಾತು ಕೇಳುವ ಸ್ಪೀಕರ್ ಒಂದು ಈಗಾಗಲೇ ಮನೆಯಲ್ಲಿದೆ, ಮಗಳು ತಂದದ್ದು. ಅದಕ್ಕೆ ಕನ್ನಡ ಬರುವುದಿಲ್ಲ. ಅತ್ತೆ ಅದರ ಜೊತೆ "ಟೈಮರ್ ಟೆನ್ ಮಿನಿಟ್ಸ್" ಅಂತ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಹತ್ತು ನಿಮಿಷ ಆದಮೇಲೆ ಅದು ಬಡಿದುಕೊಳ್ಳುವ ಹೊತ್ತಿಗೆ ಅವರು ಒಲೆ ಆರಿಸಿ ಆಗಿರುತ್ತದೆ, ವಾಸನೆ ಬಂತು ಅಂತ. "ಪಾಪ, ಅದಕ್ಕೆ ಮೂಗಿಲ್ಲ" ಅನ್ನುತ್ತಾರೆ. ಆದರೂ ಅದನ್ನು ತೆಗೆಯಲು ಬಿಡುವುದಿಲ್ಲ. ಸಂಜೆ ಕೆಲಸ ಮಾಡುವಾಗ ಅದು ಪುರಂದರದಾಸರ ಪದ ಹಾಕುತ್ತದೆ, ಅವರಿಗೆ ಅಷ್ಟು ಸಾಕು.

ಮೊನ್ನೆ ಹುಡುಗ ಕೊನೆಯ ಚಿತ್ರ ತಂದಿದ್ದ. ಮಿಕ್ಸಿಗೆ ಷಟರಿಲ್ಲದ ಜಾಗ, ತಗ್ಗು ಕಟ್ಟೆ, ಒಂದು ಗ್ಯಾಸ್ ಬರ್ನರ್, ಪಕ್ಕದಲ್ಲಿ ಇಂಡಕ್ಷನ್, ಹಳೇ ಹೆಂಚಿಗೆ ಒಂದು ಮೊಳೆ. ಚಿಮ್ನಿ ಗಂಟೆಗೆ 1200 ಘನ ಮೀಟರ್ ಗಾಳಿ ಎಳೆಯುತ್ತದೆ, ಕೊಳವೆ ನೇರ ಗೋಡೆಯಿಂದಾಚೆಗೆ. ಅತ್ತೆ ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಎಲ್ಲ ಬಾಗಿಲುಗಳೂ ಹಿಡಿಕೆ ಇಲ್ಲದ ನುಣುಪು ಬಾಗಿಲುಗಳು. ಬೆರಳಿಂದ ಒತ್ತಿದರೆ ತೆರೆಯುತ್ತವೆ, ಈಗ ಎಲ್ಲರೂ ಇದನ್ನೇ ಕೇಳುವುದು ಅಂದ. ಎಲ್ಲರಿಗೂ ಒಪ್ಪಿಗೆಯಾಯಿತು, ಮುಂಗಡದ ಮಾತೂ ಆಯಿತು. ಅವನು ಲ್ಯಾಪ್‌ಟಾಪ್ ಮುಚ್ಚುವಾಗ ಅತ್ತೆ ತಡೆದರು.

"ಒಂದು ನಿಮಿಷ ಇರಪ್ಪ. ಮಸಿಬಟ್ಟೆ ಎಲ್ಲಿ ನೇತುಹಾಕೋದು?"

ಅವನು ಚಿತ್ರವನ್ನು ಅತ್ತ ಇತ್ತ ತಿರುಗಿಸಿ ನೋಡಿದ. ಇಡೀ ಅಡುಗೆಮನೆಯಲ್ಲಿ ಬಟ್ಟೆ ಸಿಕ್ಕಿಸಲು ಒಂದು ಕೊಕ್ಕೆ ಇಲ್ಲ, ಒಂದು ಚಾಚು ಇಲ್ಲ. ಕೊನೆಗೆ ಒಲೆಯ ಕೆಳಗಿನ ಡ್ರಾಯರಿಗೆ ಒಂದೇ ಒಂದು ಸ್ಟೀಲ್ ಹಿಡಿಕೆ ಬರೆದುಕೊಟ್ಟ. ನಿನ್ನೆ ಪರಿಷ್ಕೃತ ಕೊಟೇಶನ್ ಬಂದಿದೆ. ಆ ಹಿಡಿಕೆಗೆ ಸ್ಪೆಷಲ್ ಫಿಟ್ಟಿಂಗ್ ಅಂತ ಬೇರೆ ರೇಟು ಹಾಕಿದ್ದಾರೆ. ಅತ್ತೆ ಚೌಕಾಸಿ ಮಾಡದೆ ಒಪ್ಪಿಕೊಂಡ ಒಂದೇ ಸಾಲು ಅದು.